ಹಾಸಿಗೆ ಹಿಡಿದಾಗ ಸೇವೆ ಮಾಡಿಸಿಕೊಳ್ಳುವ ರೀತಿ



ರೋಗಿಗಳನ್ನು ನೋಡಿಕೊಳ್ಳಬೇಕು, ಬಿದ್ದವರನ್ನು ಎತ್ತಬೇಕು ಎಂದು ಗುರುಗಳ ಪ್ರಬೋಧನೆಯಲ್ಲಿ ತಾವೆಲ್ಲರೂ ಎಷ್ಟೋ ಸಲ ಕೇಳಿರುತ್ತೀರಿ. ಆದರೆ ಬಿದ್ದವರು ನಾವೇ ಆದಾಗ ಹೇಗಿರಬೇಕು ಎಂಬ ಮಾತು ಬರುವುದು ಅಪರೂಪ. ಸ್ಕೂಟರಿನಿಂದ ಬಿದ್ದು ಕಾಲಿಗೆ ರಾಡ್ ಹಾಕಿಸಿಕೊಂಡ ಹುಡುಗರು, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯರು, ಗಾರೆ ಕೆಲಸಕ್ಕೆ ಹೋಗಿ ಮೇಲಿಂದ ಬಿದ್ದ ಗಂಡಸರು, ಇಂಥವರು ಹರಕೆ ಹೊತ್ತು ಬೆಟ್ಟಕ್ಕೆ ಬರುತ್ತಾರೆ. ಅವರಲ್ಲಿ ಬಹಳ ಜನರ ಬಾಯಲ್ಲಿ ಬರುವ ಪ್ರಾರ್ಥನೆ ಒಂದೇ, "ಯಾರಿಗೂ ಭಾರ ಆಗದ ಹಾಗೆ ಮಾಡು ಸ್ವಾಮಿ" ಅಂತ. ಈ ಪ್ರಾರ್ಥನೆ ಕೆಟ್ಟದ್ದೇನಲ್ಲ. ಆದರೆ ಕಾಲು ಪ್ಲಾಸ್ಟರಿನಲ್ಲಿ ಇರುವಾಗ ಯಾರಿಗಾದರೂ ಭಾರ ಆಗಲೇಬೇಕು, ಬೇರೆ ದಾರಿ ಇಲ್ಲ. ಆ ಮೂರು ತಿಂಗಳು, ಆರು ತಿಂಗಳನ್ನು ಕ್ರೈಸ್ತ ವಿಶ್ವಾಸಿಯಾದವನು ಹೇಗೆ ಕಳೆಯಬೇಕು ಎಂಬುದೇ ಈ ಪಾಠದ ವಿಷಯ. ಇದಕ್ಕೆ ಲೊಯೋಲಾದ ಸಂತ ಇಗ್ನೇಷಿಯಸರ ಮುರಿದ ಕಾಲಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಪಾಂಪ್ಲೋನಾದ ಫಿರಂಗಿ ಗುಂಡು

ಇಗ್ನೇಷಿಯಸರು ಹುಟ್ಟಿದ್ದು 1491ರಲ್ಲಿ, ಸ್ಪೇನ್ ದೇಶದ ಬಾಸ್ಕ್ ಸೀಮೆಯ ಒಂದು ದೊಡ್ಡ ಮನೆತನದಲ್ಲಿ. ಯೇಸುಸಭೆಯನ್ನು ಸ್ಥಾಪಿಸಿದವರು ಇವರೇ. ಗೋವೆಯಲ್ಲಿ ಶರೀರ ಇಟ್ಟಿರುವ ಸಂತ ಫ್ರಾನ್ಸಿಸ್ ಜೇವಿಯರ್ ಇವರ ಸಂಗಡಿಗರು. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭಿಸಿದವರೂ ಇವರ ಸಭೆಯ ಗುರುಗಳೇ. ಆದರೆ ಮೂವತ್ತು ವಯಸ್ಸಿನವರೆಗೆ ಇಗ್ನೇಷಿಯಸರಿಗೆ ದೇವರ ಕಡೆ ಅಂಥ ಗಮನ ಇರಲಿಲ್ಲ. ಕತ್ತಿ, ಕುದುರೆ, ಒಳ್ಳೆಯ ಉಡುಪು, ಹೆಸರು ಗಳಿಸಬೇಕೆಂಬ ಆಸೆ, ಇಷ್ಟೇ.

1521ರ ಮೇ 20ರಂದು ಪಾಂಪ್ಲೋನಾ ಕೋಟೆಯನ್ನು ಫ್ರೆಂಚರು ಮುತ್ತಿದಾಗ ಫಿರಂಗಿಯ ಗುಂಡು ಅವರ ಎರಡು ಕಾಲುಗಳ ನಡುವೆ ಹಾದುಹೋಯಿತು. ಬಲಗಾಲಿನ ಮೂಳೆ ಪುಡಿಯಾಯಿತು, ಎಡಗಾಲಿಗೂ ಪೆಟ್ಟಾಯಿತು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಅವರಿಗೆ ಮೊದಲು ಶುಶ್ರೂಷೆ ಮಾಡಿದವರು ಕೋಟೆ ಗೆದ್ದ ಫ್ರೆಂಚರೇ! ಹನ್ನೆರಡು ಹದಿನೈದು ದಿನ ಮರ್ಯಾದೆಯಿಂದ ನೋಡಿಕೊಂಡು, ಆಮೇಲೆ ಡೋಲಿಯಲ್ಲಿ ಊರಿಗೆ ಕಳಿಸಿದರು. ಯಾರ ಮೇಲೆ ಕತ್ತಿ ಎತ್ತಿದ್ದರೋ ಅವರ ಕೈಯ ಆರೈಕೆಯೇ ಮೊದಲು ಸಿಕ್ಕಿತು.

ಲೂಕರ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಇರುವ ಸಮಾರಿಯದವನ ಸಾಮತಿಯೂ ಇದೇ ಅಲ್ಲವೆ? ಆ ಸಾಮತಿಯನ್ನು ಕೇಳುವಾಗ ನಾವು ನಮ್ಮನ್ನು ಸಮಾರಿಯದವನ ಜಾಗದಲ್ಲಿ ಇಟ್ಟು ನೋಡುತ್ತೇವೆ, ಇಲ್ಲವೆ ನೋಡಿಯೂ ನೋಡದ ಹಾಗೆ ಹೋದ ಯಾಜಕನ ಜಾಗದಲ್ಲಿ. ಕತ್ತೆಯ ಮೇಲೆ ಮಲಗಿ ಹೋದವನ ಜಾಗದಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ. ಜೆರುಸಲೇಮಿನಿಂದ ಹೊರಟಿದ್ದ ಅವನನ್ನು ಕೇಳುಗರು ಯೆಹೂದ್ಯನೆಂದೇ ತಿಳಿದಿರಬೇಕು. ಮೈ ಸರಿಯಿದ್ದಾಗ ಸಮಾರಿಯದವನ ಕೈ ಮುಟ್ಟಿಸಿಕೊಳ್ಳುವವನಲ್ಲ. ಇಡೀ ಸಾಮತಿಯಲ್ಲಿ ಅವನು ಒಂದು ಮಾತೂ ಆಡುವುದಿಲ್ಲ. ಎಣ್ಣೆ, ದ್ರಾಕ್ಷಾರಸ ಹಾಕಿಸಿಕೊಂಡ, ಪಟ್ಟಿ ಕಟ್ಟಿಸಿಕೊಂಡ, ಛತ್ರದವನಿಗೆ ಬೇರೆಯವನು ಕೊಟ್ಟ ಎರಡು ನಾಣ್ಯದಲ್ಲಿ ಊಟ ಮಾಡಿದ. ನಮ್ಮ ಊರುಗಳಲ್ಲೂ ಆಸ್ಪತ್ರೆಗೆ ಸೇರಿದಾಗ ರಕ್ತ ಕೊಟ್ಟವರು ಯಾರು, ರಾತ್ರಿ ಆಟೋ ತಂದವರು ಯಾರು ಅಂತ ನೋಡಿದರೆ ಎಷ್ಟೋ ಸಲ ಬೇರೆ ಜಾತಿಯವರು, ಬೇರೆ ಮತದವರು, ಮಾತು ಬಿಟ್ಟಿದ್ದ ದಾಯಾದಿಗಳು.

ಹಲ್ಲು ಕಚ್ಚಿ ಸಹಿಸಿದ್ದು

ಮನೆ ಸೇರಿದ ಮೇಲೆ ವೈದ್ಯರು ನೋಡಿ, ಮೂಳೆ ಸರಿಯಾಗಿ ಕೂಡಿಲ್ಲ, ಮತ್ತೆ ಬಿಡಿಸಿ ಕೂಡಿಸಬೇಕು ಎಂದರು. ಅರಿವಳಿಕೆ ಕೊಟ್ಟು ಆಪರೇಷನ್ ಮಾಡುವುದು 1846ರ ಈಚಿನ ಮಾತು. ಅವರ ಕಾಲದಲ್ಲಿ ಎಚ್ಚರವಿದ್ದಂತೆಯೇ ಮಾಡಬೇಕು. ಇಗ್ನೇಷಿಯಸರು ತುಟಿ ಬಿಚ್ಚಲಿಲ್ಲ, ಮುಷ್ಟಿ ಮಾತ್ರ ಬಿಗಿ ಹಿಡಿದರು. ಆಮೇಲೆ ಸ್ಥಿತಿ ಬಿಗಡಾಯಿಸಿತು. ಸ್ನಾನಿಕ ಯೊವಾನ್ನರ ಹಬ್ಬದ ಹೊತ್ತಿಗೆ ಪಾಪನಿವೇದನೆ ಮಾಡಿಕೊಳ್ಳಿ ಎಂದು ವೈದ್ಯರೇ ಸೂಚಿಸಿದರು. ಸಂತ ಪೇತ್ರ ಪೌಲರ ಹಬ್ಬದ ಹಿಂದಿನ ದಿನ, ಅಂದರೆ ಜೂನ್ 28ರಂದು, ನಡುರಾತ್ರಿಯೊಳಗೆ ಗುಣ ಕಾಣದಿದ್ದರೆ ಆಸೆ ಬಿಡಬೇಕು ಎಂದರು. ಅದೇ ರಾತ್ರಿ ಗುಣ ಕಂಡಿತು. ಇಗ್ನೇಷಿಯಸರಿಗೆ ಮೊದಲಿನಿಂದಲೂ ಸಂತ ಪೇತ್ರರ ಮೇಲೆ ಭಕ್ತಿ.

ಇಷ್ಟರಲ್ಲೇ ಅವರು ಸಂತರಾದರು ಎಂದು ತಿಳಿಯಬಾರದು. ಮೂಳೆ ಕೂಡಿದ ಮೇಲೆ ಮೊಣಕಾಲಿನ ಕೆಳಗೆ ಒಂದು ಗಂಟು ಎದ್ದು ನಿಂತಿತು, ಕಾಲೂ ಗಿಡ್ಡವಾಯಿತು. ಆಗಿನ ಶೋಕಿಯ ಬಿಗಿ ಬೂಟು ಹಾಕಲು ಆ ಗಂಟು ಅಡ್ಡ. ಅದನ್ನು ಕೊಯ್ದು ತೆಗೆಯಿರಿ ಎಂದು ಹಠ ಹಿಡಿದರು. ಹಿಂದಿನದಕ್ಕಿಂತ ಹೆಚ್ಚು ನೋವಾಗುತ್ತದೆ ಎಂದರೂ ಕೇಳಲಿಲ್ಲ. ನನಗಾದರೆ ಧೈರ್ಯ ಸಾಲದು ಎಂದು ಅವರ ಅಣ್ಣನೇ ಬೆರಗಾದರಂತೆ. ಕೊಯ್ಸಿಕೊಂಡರು, ಕಾಲನ್ನು ಯಂತ್ರಕ್ಕೆ ಕಟ್ಟಿ ದಿನಗಟ್ಟಲೆ ಎಳೆಸಿಕೊಂಡರು. ನೋವು ತಡೆಯುವ ಶಕ್ತಿ ದೊಡ್ಡದೇ, ಆದರೆ ಇದು ಬೂಟಿಗಾಗಿ! ಆಗಿನ ಮೌನದಲ್ಲಿ ಭಕ್ತಿಗಿಂತ ಸೈನಿಕನ ಜಂಬವೇ ಹೆಚ್ಚು ಎನ್ನಬೇಕು. ಈಗಲೂ ಕೆಲವರು ಡಾಕ್ಟರು ಕೇಳಿದರೆ "ಏನಿಲ್ಲ ಸಾರ್, ಪರವಾಗಿಲ್ಲ" ಎನ್ನುತ್ತಾರೆ. ರಾತ್ರಿಯೆಲ್ಲ ನರಳುವುದು ಹೆಂಡತಿಗೆ ಮಾತ್ರ ಗೊತ್ತು. ನೋವನ್ನು ಮುಚ್ಚಿಟ್ಟರೆ ಔಷಧಿ ಕೊಡುವವರಿಗೂ ದಾರಿ ತಪ್ಪುತ್ತದೆ.

ಎದ್ದು ನಿಲ್ಲಲಾಗದೆ ಮಲಗಿದ್ದಾಗ ಅವರು ವೀರರ ಕಥೆ ಪುಸ್ತಕ ಕೇಳಿದರು. ಆ ಮನೆಯಲ್ಲಿ ಅಂಥದು ಇರಲಿಲ್ಲ. ಮನೆಯವರು ತಂದುಕೊಟ್ಟದ್ದು ಯೇಸುಸ್ವಾಮಿಯ ಜೀವನದ ಗ್ರಂಥ ಮತ್ತು ಸಂತರ ಚರಿತ್ರೆ. ಮನೆ ನಡೆಸುತ್ತಿದ್ದವರು ಅಣ್ಣ ಮಾರ್ಟಿನ್ ಮತ್ತು ಅತ್ತಿಗೆ ಮಗ್ದಲೇನಾ. ಕೇಳಿದ್ದು ಸಿಗಲಿಲ್ಲ ಅಂತ ಪುಸ್ತಕ ಎಸೆಯದೆ, ಕೊಟ್ಟದ್ದನ್ನೇ ಓದಿದರು. ಓದುತ್ತಾ ಓದುತ್ತಾ ಮನಸ್ಸು ತಿರುಗಿತು. ಸುಮಾರು 300 ಹಾಳೆ ತುಂಬ ಬರೆದುಕೊಂಡರು, ಯೇಸುವಿನ ಮಾತು ಕೆಂಪು ಶಾಯಿಯಲ್ಲಿ, ಮಾತೆ ಮರಿಯಮ್ಮನವರ ಮಾತು ನೀಲಿ ಶಾಯಿಯಲ್ಲಿ. ಮುಪ್ಪಿನಲ್ಲಿ ತಮ್ಮ ಕಥೆ ಹೇಳಿ ಬರೆಸಿದಾಗ ಆ ಪುಸ್ತಕ ಕೊಟ್ಟವರ ಹೆಸರನ್ನು ಅವರು ಹೇಳಲಿಲ್ಲ. ಹಾಸಿಗೆ ಪಕ್ಕದಲ್ಲಿ ನಿಂತವರ ಗತಿ ಬಹಳ ಸಲ ಹೀಗೇ.

ಪೇತ್ರರ "ಬೇಡ"

ಸೇವೆ ಬೇಡ ಎನ್ನುವ ಹಠಕ್ಕೆ ಶುಭಸಂದೇಶದಲ್ಲಿ ಉತ್ತರವಿದೆ. ಯೊವಾನ್ನರ 13ನೇ ಅಧ್ಯಾಯ ತೆಗೆದು ನೋಡಿ. ಕಡೆಯ ಭೋಜನದ ರಾತ್ರಿ ಯೇಸುಸ್ವಾಮಿ ಅಂಗವಸ್ತ್ರ ಸುತ್ತಿಕೊಂಡು ಶಿಷ್ಯರ ಕಾಲು ತೊಳೆಯುತ್ತಾರೆ. ಪೇತ್ರರ ಸರದಿ ಬಂದಾಗ ಅವರು ಖಂಡಿತ ಕೂಡದು ಎನ್ನುತ್ತಾರೆ. ನೋಡುವವರಿಗೆ ಇದು ವಿನಯ ಅನ್ನಿಸುತ್ತದೆ. ಯೇಸು ಅದನ್ನು ವಿನಯ ಎಂದು ಹೊಗಳಲಿಲ್ಲ. ತೊಳೆಸಿಕೊಳ್ಳದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ ಎಂದುಬಿಟ್ಟರು. ಎಷ್ಟು ಗಟ್ಟಿ ಮಾತು! ಆಗ ಪೇತ್ರರು ಇನ್ನೊಂದು ತುದಿಗೆ ಹೋಗಿ, ಹಾಗಾದರೆ ಕೈ, ತಲೆ ಎಲ್ಲ ತೊಳೆಯಿರಿ ಎನ್ನುತ್ತಾರೆ. ಅದಕ್ಕೂ ಸ್ವಾಮಿ ಒಪ್ಪಲಿಲ್ಲ. ಸ್ನಾನ ಆದವನಿಗೆ ಕಾಲು ತೊಳೆದರೆ ಸಾಕು ಎಂದರು.

ಮನೆಯ ರೋಗಿಗಳಲ್ಲೂ ಈ ಎರಡು ಪೇತ್ರರು ಇರುತ್ತಾರೆ. ಮೊದಲನೆಯವರು ಬೆಡ್‌ಪ್ಯಾನ್ ಕೇಳಲು ನಾಚಿ, ಗೋಡೆ ಹಿಡಿದು ತಾವೇ ಬಚ್ಚಲಿಗೆ ಹೋಗಿ, ಇನ್ನೊಮ್ಮೆ ಬಿದ್ದು, ಮನೆಯವರ ಕೆಲಸ ಎರಡರಷ್ಟು ಮಾಡುತ್ತಾರೆ. ನೀರು ಕಡಿಮೆ ಕುಡಿದರೆ ಯಾರನ್ನೂ ಕರೆಯಬೇಕಾಗಿಲ್ಲ ಅಂತ ಲೆಕ್ಕ ಹಾಕುವವರೂ ಇದ್ದಾರೆ. ಇದು ಆರೋಗ್ಯಕ್ಕೆ ಬಹಳ ಕೆಟ್ಟದ್ದು. ಎರಡನೆಯವರು ಕೈಯಲ್ಲಿ ಆಗುವ ಕೆಲಸಕ್ಕೂ ಕೂಗುತ್ತಾರೆ. ಸಾರಿಗೆ ಉಪ್ಪು ಜಾಸ್ತಿ, ದಿಂಬು ಸರಿ ಇಲ್ಲ, ಸೊಸೆ ಫೋನಿನಲ್ಲಿ ಮಾತಾಡಿದ್ದು ತಪ್ಪು, ಹೀಗೆ. ಬೇಕಾದಷ್ಟನ್ನು ಪಡೆದು, ಆಗುವಷ್ಟನ್ನು ತಾನೇ ಮಾಡಿಕೊಳ್ಳುವುದು ಕಾಲು ಮಾತ್ರ ತೊಳೆಸಿಕೊಂಡ ಹಾಗೆ. ಫಿಸಿಯೋಥೆರಪಿಯವರು ಹೇಳಿದ ವ್ಯಾಯಾಮವನ್ನು ನೋವಿದ್ದರೂ ಮಾಡುವುದು ಸೇವೆ ಮಾಡಿದವರಿಗೆ ಕೊಡುವ ಒಳ್ಳೆಯ ಕೃತಜ್ಞತೆ.

ಬೇಕಾದ್ದನ್ನು ಬಾಯಿಬಿಟ್ಟು ಹೇಳುವುದೂ ಕಲಿಯಬೇಕಾದ ವಿಷಯವೇ. ಕುರುಡ ಬಾರ್ತಿಮೇಯನು ಎದುರಿಗೆ ನಿಂತಿದ್ದಾಗ ಅವನಿಗೆ ಏನು ಬೇಕೆಂದು ಯೇಸುವಿಗೆ ಗೊತ್ತಿರಲಿಲ್ಲವೆ? ಆದರೂ ಕೇಳಿದರು, ಅವನೂ ಕಣ್ಣು ಬೇಕು ಅಂತ ನೇರವಾಗಿ ಹೇಳಿದ. ಮುಖ ತಿರುಗಿಸಿ ಮಲಗಿ, "ಇವರಿಗೆ ತಾನಾಗಿ ತಿಳಿಯಬಾರದಾ?" ಎಂದು ಒಳಗೇ ಕುದಿಯುವುದಕ್ಕಿಂತ "ಬೆನ್ನಿಗೆ ಸ್ವಲ್ಪ ದಿಂಬು ಕೊಡಮ್ಮ" ಅನ್ನುವುದು ಎಷ್ಟೋ ಮೇಲು. ಹಾಗೆಯೇ ಔಷಧಿ ತಪ್ಪಿದರೆ, ಹಾಸಿಗೆ ಹುಣ್ಣು ಆಗುತ್ತಿದ್ದರೆ, ಒರಟಾಗಿ ಎತ್ತಿದರೆ ಹೇಳಬೇಕು. ಸುಮ್ಮನೆ ಎಲ್ಲವನ್ನೂ ನುಂಗಿಕೊಳ್ಳಬೇಕು ಎಂದು ಕ್ರೈಸ್ತ ಧರ್ಮ ಎಲ್ಲೂ ಹೇಳಿಲ್ಲ. ರಾತ್ರಿ ಎದ್ದವರನ್ನು ಮಧ್ಯಾಹ್ನ ಒಂದು ಗಂಟೆ ಮಲಗಲು ಬಿಡುವುದನ್ನು ಮಾತ್ರ ಮರೆಯಬೇಡಿ. ಪಕ್ಕದ ಮನೆಯವರು "ನಾವು ಕೂತಿರ್ತೀವಿ" ಅಂದರೆ ಒಪ್ಪಿಕೊಳ್ಳಿ.

ಹಣದ ವಿಚಾರದಲ್ಲಿ ಇನ್ನೂ ಕಷ್ಟ. ನೋಡಲು ಬಂದವರು ದಿಂಬಿನ ಕೆಳಗೆ ಇನ್ನೂರೋ ಐನೂರೋ ಇಟ್ಟು ಹೋದರೆ ಎಷ್ಟೋ ಜನರಿಗೆ ಅವಮಾನ ಆದ ಹಾಗೆ ಆಗುತ್ತದೆ. ಯೇಸುಸ್ವಾಮಿ ಊರೂರು ಸುತ್ತುವಾಗ ಕೆಲವು ಸ್ತ್ರೀಯರು ತಮ್ಮ ಸ್ವಂತ ಆಸ್ತಿಯಿಂದ ಖರ್ಚು ನೋಡಿಕೊಂಡರು ಎಂದು ಲೂಕರ 8ನೇ ಅಧ್ಯಾಯದಲ್ಲಿ ಹೆಸರು ಸಮೇತ ಬರೆದಿದೆ. ಸ್ವಾಮಿಯೇ ಪಡೆದರು. ನೋಡಿಕೊಳ್ಳುವವರು ಯಾರೂ ಇಲ್ಲದವರು ತಮ್ಮ ಧರ್ಮಕೇಂದ್ರದ ಗುರುಗಳಿಗೆ ತಿಳಿಸಬೇಕು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾದ ಸಂತ ವಿನ್ಸೆಂಟ್ ದೇ ಪೌಲ್ ಸಭೆಯ ಶಾಖೆ ಇರುವ ಕಡೆ ಅದರ ಸದಸ್ಯರು ಮನೆಗೇ ಬಂದು ವಿಚಾರಿಸುತ್ತಾರೆ.

ಅಭ್ಯಂಗ ಸಂಸ್ಕಾರದ ಬಗ್ಗೆಯೂ ತಪ್ಪು ತಿಳುವಳಿಕೆ ಇದೆ. ಗುರುಗಳು ಎಣ್ಣೆ ಹಚ್ಚಲು ಬಂದರೆ ಕಥೆ ಮುಗಿಯಿತು ಅಂತ ಹೆದರುತ್ತಾರೆ. 1963ರಲ್ಲೇ ಎರಡನೇ ವ್ಯಾಟಿಕನ್ ಮಹಾಸಭೆಯು ಇದು ಕೊನೆ ಗಳಿಗೆಯವರಿಗೆ ಮಾತ್ರ ಅಲ್ಲ ಎಂದು ಸ್ಪಷ್ಟಪಡಿಸಿತು. ಗಂಭೀರ ಕಾಯಿಲೆಯಿಂದ ದೊಡ್ಡ ಆಪರೇಷನ್ ಆಗಬೇಕಾದವರೂ, ಬಹಳ ನಿಶ್ಶಕ್ತರಾದ ವೃದ್ಧರೂ ಪಡೆಯಬಹುದು. ಸಂತ ಯಕೋಬರ ಪತ್ರದ 5ನೇ ಅಧ್ಯಾಯದಲ್ಲಿ, ರೋಗಿಯೇ ಸಭೆಯ ಹಿರಿಯರನ್ನು ಕರೆಸಿಕೊಳ್ಳಲಿ ಎಂದಿದೆ. ಅವರು ತಾವಾಗಿ ಬರಲಿ ಎಂದು ಕಾಯಬೇಕಾಗಿಲ್ಲ.

ಮಾನ್ರೇಸಾದ ಎರಡು ಅಂಗಿ

ಇಗ್ನೇಷಿಯಸರ ಕಥೆ ಇನ್ನೂ ಇದೆ. ಕಾಲು ಒಂದು ಹದಕ್ಕೆ ಬಂದ ಮೇಲೆ, 1522ರ ಮಾರ್ಚ್ ತಿಂಗಳಲ್ಲಿ ಅವರು ಮೊನ್‌ಸೆರಾತ್ ಬೆಟ್ಟದ ಮಾತೆಯ ಪುಣ್ಯಕ್ಷೇತ್ರಕ್ಕೆ ಯಾತ್ರೆ ಹೋದರು. ಬೆಲೆಬಾಳುವ ಉಡುಪನ್ನು ಭಿಕ್ಷುಕನಿಗೆ ಕೊಟ್ಟು, ಕತ್ತಿಯನ್ನು ಮಾತೆಯ ಪೀಠದಲ್ಲಿ ಬಿಟ್ಟು, ರಾತ್ರಿಯಿಡೀ ಜಾಗರಣೆ ಮಾಡಿದರು. ಅಲ್ಲಿಂದ ಹತ್ತಿರದ ಮಾನ್ರೇಸಾ ಊರಿನಲ್ಲಿ ಸುಮಾರು ಹನ್ನೊಂದು ತಿಂಗಳು. ಅಲ್ಲಿ ಮೊದಲಿನ ಹಠವೇ ಇನ್ನೊಂದು ವೇಷದಲ್ಲಿ ಬಂತು. ಕೂದಲು, ಉಗುರು ಬೆಳೆಸಿ, ಉಪವಾಸ ಮಾಡಿ, ಬರಿಗಾಲಲ್ಲಿ ತಿರುಗಿ ದೇಹವನ್ನು ಹಾಳುಮಾಡಿಕೊಂಡರು. ಚಳಿಗಾಲದಲ್ಲಿ ಜೋರು ಕಾಯಿಲೆ ಬಿದ್ದಿತು. ಊರಿನವರು ಒಂದು ಮನೆಯಲ್ಲಿ ಇರಿಸಿ ನೋಡಿಕೊಂಡರು. ಊರಿನ ದೊಡ್ಡ ಮನೆಗಳ ಹೆಂಗಸರು ರಾತ್ರಿ ಬಂದು ಕಾವಲು ಕೂತರು. ಚಳಿ ತಡೆಯಲಾರಿರಿ ಎಂದು ದಪ್ಪ ಕಂದು ಬಟ್ಟೆಯ ಎರಡು ಅಂಗಿ, ತಲೆಗೆ ಟೋಪಿ, ಕಾಲಿಗೆ ಜೋಡು ಹಾಕಿಸಿದರು. ಬೂಟಿನ ಅಂದಕ್ಕಾಗಿ ಮೂಳೆ ಕೊಯ್ಸಿಕೊಂಡವರು ಈಗ ಹೆಂಗಸರು ಕೊಟ್ಟ ಒರಟು ಟೋಪಿ ಹಾಕಿಕೊಂಡು ಕೂತರು!

ಮುಂದೆ ಸಭೆಗೆ ನಿಯಮಾವಳಿ ಬರೆದಾಗ, ಕಾಯಿಲೆ ಬಿದ್ದವರು ಮೇಲಧಿಕಾರಿಗಳ ಮಾತು ಕೇಳುವಷ್ಟೇ ವಿನಯದಿಂದ ವೈದ್ಯರ ಮಾತನ್ನೂ ಶುಶ್ರೂಷೆ ಮಾಡುವವರ ಮಾತನ್ನೂ ಕೇಳಬೇಕು ಎಂದು ಸೇರಿಸಿದರು. 1548ರಲ್ಲಿ ಫ್ರಾನ್ಸಿಸ್ ಬೋರ್ಜಿಯಾ ಅವರಿಗೆ ಪತ್ರ ಬರೆದು, ಉಪವಾಸ ಕಡಿಮೆ ಮಾಡಿ, ಸರಿಯಾಗಿ ಊಟ ಮಾಡಿ, ಶರೀರವೂ ದೇವರದೇ ಎಂದು ಬುದ್ಧಿ ಹೇಳಿದರು. ಕಾಲಿನ ಕುಂಟು ಮಾತ್ರ 1556ರಲ್ಲಿ ತೀರಿಕೊಳ್ಳುವವರೆಗೂ ಹೋಗಲಿಲ್ಲ.

ಬೆಟ್ಟದ ಶಿಲುಬೆ ಹಾದಿಯಲ್ಲಿ ಐದನೇ ಸ್ಥಳಕ್ಕೆ ಬಂದಾಗ ಸ್ವಲ್ಪ ನಿಲ್ಲಿ. ಸಿರೇನಿನ ಸಿಮೋನನು ಹೊಲದಿಂದ ಬರುತ್ತಿದ್ದವನು, ಸೈನಿಕರು ಬಲವಂತವಾಗಿ ಹಿಡಿದು ಶಿಲುಬೆ ಹೊರಿಸಿದರು. ಮನಸ್ಸಿನಿಂದ ಬಂದವನಲ್ಲ. ಅಂಥವನ ಸಹಾಯವನ್ನೂ ಯೇಸುಸ್ವಾಮಿ ತಳ್ಳಲಿಲ್ಲ. ಮಾರ್ಕರು ಬರೆಯುವಾಗ ಅವನ ಇಬ್ಬರು ಮಕ್ಕಳಾದ ಅಲೆಕ್ಸಾಂಡರ್ ಮತ್ತು ರೂಫನ ಹೆಸರನ್ನೂ ಸೇರಿಸಿದ್ದಾರೆ. ಆಗಿನ ವಿಶ್ವಾಸಿಗಳಿಗೆ ಆ ಮಕ್ಕಳು ಪರಿಚಿತರಾಗಿದ್ದಿರಬೇಕು.

ಕಾಲು ನೋವಿರುವವರು ಹದಿನಾಲ್ಕು ಸ್ಥಳವನ್ನೂ ಹತ್ತಲೇಬೇಕೆಂದು ಇಲ್ಲ. ಕೆಳಗೆ ಕುಳಿತು ಪ್ರಾರ್ಥಿಸಬಹುದು. ಹತ್ತುವುದಾದರೆ, ಮಗನೋ ಸೊಸೆಯೋ ಗುರುತಿಲ್ಲದ ಯಾತ್ರಿಕರೋ ಕೈ ಕೊಟ್ಟಾಗ ಹಿಡಿದುಕೊಂಡು ಹತ್ತಿ. ಇಳಿಯುವಾಗ ಮೆಟ್ಟಿಲು ಇನ್ನೂ ಕಷ್ಟ, ಆಗಲೂ ಕೈ ಬಿಡಬೇಡಿ.