ಎದುರುಗಾಳಿಯಲ್ಲಿ ಜೊತೆಗಾರ

ಆಷಾಢಮಾಸದಲ್ಲಿ ನಮ್ಮ ಜತ್ತ ತಾಲೂಕಿನ ಬಯಲಿಗೆ ಮಳೆಗಿಂತ ಗಾಳಿಯೇ ಹೆಚ್ಚು. ಸಹ್ಯಾದ್ರಿಯಲ್ಲಿ ತನ್ನ ನೀರನ್ನು ಸುರಿಸಿ ಬರುವ ಮುಂಗಾರು ಮಾರುತವು ಮರಗಳು ವಿರಳವಾದ ಈ ನೆಲದ ಮೇಲೆ ಪಡುವಣದಿಂದ ಬೀಸುತ್ತದೆ. ತಾಲೂಕಿನಲ್ಲಿ ವಿದ್ಯುತ್ತಿನ ಗಾಳಿಯಂತ್ರಗಳು ನಿಂತಿರುವುದೂ ಈ ಗಾಳಿಯನ್ನು ನಂಬಿಯೇ. ಆದರೆ ಸಾಯಕಲ್ ಮೇಲೆ ಪಡುವಣಕ್ಕೆ ಮನೆಗೆ ಮರಳುವ ವಿದ್ಯಾರ್ಥಿಗೆ ಅದೇ ಗಾಳಿಯು ಎದುರಾಳಿಯಾಗುತ್ತದೆ.

ಸಂಖದಿಂದ ಜತ್ತದ ಕಡೆಗೆ ಬಾಲಕನೊಬ್ಬನು ಗಂಟೆಗೆ 15 ಕಿಲೋಮೀಟರ್ ವೇಗದಿಂದ ಹೊರಟಿರುವನೆಂದು ಭಾವಿಸೋಣ. ಗಾಳಿಯೂ ಅಷ್ಟೇ ವೇಗದಿಂದ ಎದುರು ಬೀಸಿದರೆ ಅವನ ಎದೆಗೆ ತಗಲುವ ಗಾಳಿಯ ವೇಗವು 30 ಕಿಲೋಮೀಟರ್. ವೇಗವು ಎರಡು ಪಟ್ಟಾದರೆ ಗಾಳಿಯ ತಡೆಯು ನಾಲ್ಕು ಪಟ್ಟಾಗುತ್ತದೆ. ಕತ್ತಲಾಗುವುದರೊಳಗೆ ಮನೆ ಮುಟ್ಟಬೇಕಾದ ಹುಡುಗನು ಅರ್ಧದಾರಿಯಲ್ಲಿ ದಣಿದರೆ ಆಶ್ಚರ್ಯವೇನು?

ಅಷ್ಟರಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಅಪರಿಚಿತ ರೈತನೊಬ್ಬನು ಹಿಂದಿನಿಂದ ಬಂದು, “ನನ್ನ ಹಿಂದ ಬಾ, ತಮ್ಮಾ” ಎಂದು ಮುಂದಾಗುತ್ತಾನೆ. ಮುಂದಿನವನ ಮೈ ಗಾಳಿಯನ್ನು ಸೀಳುತ್ತದೆ. ಅವನ ಬೆನ್ನ ಹಿಂದಿನ ಗಾಳಿಯು ಅವನೊಡನೆಯೇ ಸ್ವಲ್ಪ ಸೆಳೆದು ಬರುತ್ತದೆ. ಅದರಿಂದ ಸಾಯಕಲ್‌ನಷ್ಟು ಅಂತರದಲ್ಲಿ ನೇರ ಹಿಂದೆ ಬರುವವನಿಗೆ ಗಾಳಿಯ ತಡೆಯು ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ. 1899ರಲ್ಲಿ ಅಮೇರಿಕೆಯ ಚಾರ್ಲ್ಸ್ ಮರ್ಫಿ ಎಂಬವನು ರೈಲುಗಾಡಿಯ ಹಿಂದೆ, ಅದರ ಗಾಳಿಮರೆಯಲ್ಲಿ ಸಾಯಕಲ್ ತುಳಿದು, ಒಂದು ಮೈಲನ್ನು ಒಂದು ನಿಮಿಷದೊಳಗೆ ಕ್ರಮಿಸಿದನು! ಬಾಲಕರೇ, ಲಾರಿ ಅಥವಾ ಟ್ರ್ಯಾಕ್ಟರಿನ ಹಿಂದೆ ಇದನ್ನು ಎಂದಿಗೂ ಪರೀಕ್ಷಿಸಬಾರದು. ಅವು ಒಮ್ಮೆಲೆ ನಿಂತರೆ ನಿಮಗೆ ನಿಲ್ಲಲು ಸಮಯವಿರುವುದಿಲ್ಲ.

ಈ ಸಹಾಯಕ್ಕೆ ಕೆಲವು ನಿಯಮಗಳುಂಟು. ಮುಂದಿನವನು ಒಮ್ಮೆಲೆ ಬ್ರೇಕು ಹಿಡಿಯಬಾರದು. ತಗ್ಗು ಬಂದರೆ ಕೂಗಿ ಹೇಳಬೇಕು. ಹಿಂದಿನವನು ಅಂತರವನ್ನು ಬಿಡಬೇಕು. ತನ್ನ ಮುಂಗಾಲಿಯು ಅವನ ಹಿಂಗಾಲಿಗೆ ತಾಗಿದರೆ ಬೀಳುವವನು ಹಿಂದಿನವನೇ. ಅಲ್ಲದೆ ಮುಂದಿನವನ ಶ್ರಮವು ಕಡಿಮೆಯಾಗಿರುವುದಿಲ್ಲ. ಶಕ್ತಿಯಿರುವವನು ಸ್ವಲ್ಪ ದೂರವಾದರೂ ತಾನೇ ಮುಂದಾಗಿ ಗಾಳಿಯನ್ನು ಹೊರಬೇಕು.

ಪಾಲಕರು ಮಕ್ಕಳ ಸಾಯಕಲ್ಲಿನ ಬ್ರೇಕು, ದೀಪಗಳನ್ನು ಆಗಾಗ ನೋಡಬೇಕು. ಒಂದೇ ದಾರಿಯ ಮಕ್ಕಳನ್ನು ಜೊತೆಗೂಡಿಸಿ ಕಳುಹಿಸಬೇಕು.

ಕವಲುದಾರಿಯಲ್ಲಿ ರೈತನು ತನ್ನ ಊರಿನ ಕಡೆಗೆ ಹೊರಳುತ್ತಾನೆ. ಅವನ ಮನೆಮಾತು ಕನ್ನಡವೋ ಮರಾಠಿಯೋ, ಹೆಸರೇನೋ, ಕೇಳುವಷ್ಟು ಹೊತ್ತೂ ದೊರೆಯಲಿಲ್ಲ. ಆದರೆ ಎರಡು ಮೈಲಿನ ಗಾಳಿಯನ್ನು ಅವನು ಹುಡುಗನಿಗಾಗಿ ಹೊತ್ತನು. ನಾಳೆ ಕೆಳಗಿನ ತರಗತಿಯ ಮಗುವೊಂದು ಅದೇ ದಾರಿಯಲ್ಲಿ ಏದುಸಿರು ಬಿಡುತ್ತಿದ್ದರೆ, ಮುಂದೆ ಹೋಗಬೇಕಾದವನು ಯಾರೆಂಬುದನ್ನು ಹುಡುಗನು ಬಲ್ಲನು.

ಅಭ್ಯಾಸ: ಗಂಟೆಗೆ 10 ಕಿಲೋಮೀಟರ್ ವೇಗದ ಸವಾರನಿಗೆ 20 ಕಿಲೋಮೀಟರ್ ವೇಗದ ಗಾಳಿಯು ಎದುರಾದರೆ, ಗಾಳಿಯ ತಡೆಯು ಎಷ್ಟು ಪಟ್ಟಾಗುವುದು? (ಉತ್ತರ: 9 ಪಟ್ಟು)