ಘಟ್ಟದ ಮೇಲಿನಿಂದ ಕಡಲಿಗೆ

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಈ ನಾಲ್ಕೂ ಉತ್ತರ ಕನ್ನಡ ಜಿಲ್ಲೆಯ ತಾಲೂಕುಗಳು. ಜಿಲ್ಲೆಯ ಹೆಸರನ್ನು ಕೇಳಿದೊಡನೆ ಹೊರಗಿನವರ ಕಣ್ಣಮುಂದೆ ಕಡಲು ಬಂದು ನಿಲ್ಲುತ್ತದೆ. ಘಟ್ಟದ ಮೇಲಿರುವ ನಮಗಾದರೋ ಅದು ಅಷ್ಟು ಬಳಕೆಯದಲ್ಲ. ಕಾರವಾರವು ನಮ್ಮವರಿಗೆ ಮೊದಲು ಜಿಲ್ಲಾ ಕಚೇರಿಗಳ ಊರು. ಸಮುದ್ರದ ಊರಾಗುವುದು ಆಮೇಲೆ.

ಒಂದು ಡಿಸೆಂಬರಿನಲ್ಲಿ ಮೊಮ್ಮಕ್ಕಳು ಹಳಿಯಾಳದ ನಮ್ಮ ಮನೆಗೆ ಬಂದಿದ್ದರು. ಒಂದೇ ದಿನದಲ್ಲಿ ಕಡಲನ್ನು ನೋಡಿ ಬರಬೇಕೆಂದು ಅವರು ಹಟ ಹಿಡಿದರು. ಒಂದು ಹಾಳೆಯ ಮೇಲೆ ಪಟ್ಟಿಯೂ ಸಿದ್ಧವಾಯಿತು: ಸೂಪಾ ಅಣೆಕಟ್ಟು, ಉಳವಿ, ಅಣಶಿ ಘಟ್ಟ, ಕದ್ರಾ, ಸದಾಶಿವಗಡ, ಕಾರವಾರದ ಯುದ್ಧನೌಕೆಯ ಸಂಗ್ರಹಾಲಯ, ಗೋಕರ್ಣ, ಕೊನೆಯಲ್ಲಿ ಕಡಲಿನ ಸೂರ್ಯಾಸ್ತ. ಪಟ್ಟಿಯನ್ನು ಓದಿದಾಗ ನನಗೆ ನಗು ಬಂದಿತು. ಅಷ್ಟನ್ನೂ ನೋಡಲು ಮೂರು ದಿನವಾದರೂ ಬೇಕು.

ಪ್ರಯಾಣದ ಯೋಜನೆಯೆಂದರೆ ನೋಡಬೇಕಾದುದನ್ನು ಗೊತ್ತುಮಾಡುವುದಷ್ಟೇ ಅಲ್ಲ, ಬಿಡಬೇಕಾದುದನ್ನು ಗೊತ್ತುಮಾಡುವುದೂ ಹೌದು. ದಾಂಡೇಲಿಯಿಂದ ಜೋಯಿಡಾದ ಮೇಲೆ ಕಾರವಾರಕ್ಕೆ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು. ಬಯಲುಸೀಮೆಯಲ್ಲಿ ಅದು ಎರಡು ಗಂಟೆಯ ಹಾದಿ. ಇಲ್ಲಿ ಮೂರೂವರೆ ಗಂಟೆಗೂ ಕಡಿಮೆಯಿಲ್ಲ. ರಸ್ತೆಯು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡನ್ನು ಹಾದು ಹೋಗುತ್ತದೆ. ಕತ್ತಲಾದ ಮೇಲೆ ಅಲ್ಲಿ ಪ್ರಾಣಿಗಳು ರಸ್ತೆಗೆ ಬರುತ್ತವೆ; ಘಟ್ಟದ ತಿರುವುಗಳೂ ಕಾಣವು. ಮಳೆಗಾಲದಲ್ಲಂತೂ ಗುಡ್ಡ ಕುಸಿಯುವ ಭಯ ಬೇರೆ. ಆದುದರಿಂದ ಬೆಳಿಗ್ಗೆ ಆರಕ್ಕೆ ಹೊರಡುವುದು, ಮಧ್ಯಾಹ್ನ ಮೂರಕ್ಕೆ ಕಾರವಾರವನ್ನು ಬಿಡುವುದು ಎಂದು ನಿಶ್ಚಯಿಸಿದೆ. ಉಳವಿ, ಗೋಕರ್ಣಗಳನ್ನು ಪಟ್ಟಿಯಿಂದ ತೆಗೆದುದಕ್ಕೆ ಮಕ್ಕಳು ಒಪ್ಪಿದರು. ಸೂರ್ಯಾಸ್ತವನ್ನು ತೆಗೆದಾಗ ಮಾತ್ರ ಅವರ ಮುಖ ಬಾಡಿತು.

ಮೂಲೆಯಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದ ನನ್ನ ಚಿಕ್ಕವ್ವ ಆಗ ತಲೆ ಎತ್ತಿದರು. ಅವರಿಗೆ ಎಂಬತ್ತು ದಾಟಿತ್ತು. “ನನ್ನೂ ಕರಕೊಂಡು ಹೋಗ್ರಿ. ಕಾರವಾರಕ್ಕ ಐದಾರು ಸಲ ಹೋಗೀನಿ. ಸಮುದ್ರ ಮಾತ್ರ ನೋಡಿಲ್ಲ” ಎಂದರು.

ಮಕ್ಕಳಿಗೆ ಇದು ಸೋಜಿಗವೆನಿಸಿತು. ಚಿಕ್ಕವ್ವನವರನ್ನು ಕೊಟ್ಟದ್ದು ಸೂಪಾ ಊರಿಗೆ. ಕಾಳಿ ಮತ್ತು ಪಾಂಡರಿ ನದಿಗಳು ಕೂಡುವ ಸ್ಥಳದಲ್ಲಿದ್ದ ಆ ಊರು ಒಂದು ಕಾಲಕ್ಕೆ ತಾಲೂಕಿನ ಮುಖ್ಯ ಸ್ಥಳವಾಗಿತ್ತು. ಕಾಳಿ ಜಲವಿದ್ಯುತ್ ಯೋಜನೆಗಾಗಿ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಅಣೆಕಟ್ಟನ್ನು ಕಟ್ಟಿದಾಗ ಊರು ನೀರಿನಡಿಯಾಯಿತು. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು. ಮನೆ ಕಳೆದುಕೊಂಡ ಎಷ್ಟೋ ಕುಟುಂಬಗಳು ರಾಮನಗರದಲ್ಲಿ ನೆಲೆಸಿದವು, ಚಿಕ್ಕವ್ವನವರದೂ ಅವುಗಳಲ್ಲೊಂದು. ಪರಿಹಾರದ ಕಾಗದಪತ್ರಗಳಿಗಾಗಿ ಅವರು ಪತಿಯೊಡನೆ ಕಾರವಾರಕ್ಕೆ ಹೋಗುತ್ತಿದ್ದರು. ಕೆಲಸ ಮುಗಿಯುವಷ್ಟರಲ್ಲಿ ಹಿಂದಿರುಗುವ ಬಸ್ಸಿನ ಹೊತ್ತಾಗುತ್ತಿತ್ತು. ಕಡಲು ಕೂಗಳತೆಯ ದೂರದಲ್ಲಿದ್ದರೂ ನೋಡುವ ಬಿಡುವಾಗಲಿ, ಮನಸ್ಸಾಗಲಿ ಅವರಿಗೆ ಇರಲಿಲ್ಲ.

ಮರುದಿನ ಬಾಡಿಗೆಯ ವಾಹನದಲ್ಲಿ ಹೊರಟೆವು. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ಇದ್ದವು. ದಾಂಡೇಲಿಯನ್ನು ದಾಟುವಾಗ ಮಂಜು ಇನ್ನೂ ಕರಗಿರಲಿಲ್ಲ. ತೇಗ, ಬಿದಿರುಗಳ ನಡುವೆ ಎಲ್ಲಿಯೋ ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು ಕೇಳಿಸಿತು. ಹೆಣ್ಣು ಮಂಗಟ್ಟೆಯು ಮರದ ಪೊಟರೆಯೊಳಗೆ ಕುಳಿತು ಬಾಗಿಲನ್ನು ಮುಚ್ಚಿಕೊಂಡು ಮೊಟ್ಟೆಗೆ ಕಾವು ಕೊಡುತ್ತದೆ. ಗಂಡು ಹಕ್ಕಿಯು ಸಣ್ಣ ಕಿಂಡಿಯ ಮೂಲಕ ಅದಕ್ಕೆ ಹಣ್ಣನ್ನು ತಂದುಕೊಡುತ್ತದೆ. ದೊಡ್ಡ ಮರಗಳಿಲ್ಲದಿದ್ದರೆ ಈ ಹಕ್ಕಿಗೆ ಮನೆಯಿಲ್ಲ.

ಗಣೇಶಗುಡಿಯನ್ನು ದಾಟಿದ ಮೇಲೆ ಮರಗಳ ಸಂದಿಯಲ್ಲಿ ನೀರು ಕಂಡಿತು. ನೀಲಿಯಾದ, ಅಲುಗಾಡದ ನೀರು. “ಎಷ್ಟು ಚೆಂದ!” ಎಂದು ಮಕ್ಕಳು ಕೂಗಿದರು. ಚಿಕ್ಕವ್ವ ವಾಹನವನ್ನು ನಿಲ್ಲಿಸಲು ಹೇಳಿದರು. ನನ್ನ ಯೋಜನೆಯಲ್ಲಿ ಇಲ್ಲಿಗೆ ಐದು ನಿಮಿಷವನ್ನಷ್ಟೇ ಇಟ್ಟಿದ್ದೆನು. ಅವರು ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತು, ಬೆರಳೆತ್ತಿ, ಹೊಳೆಯ ಕೂಡುದಾಣ ಎತ್ತ, ಸಂತೆ ಎತ್ತ, ತಮ್ಮ ಮನೆಯ ಹಲಸಿನ ಮರ ಎತ್ತ ಎಂದು ಒಂದೊಂದನ್ನೇ ತೋರಿಸತೊಡಗಿದರು. ತೋರಿಸಿದ ಕಡೆಯಲ್ಲೆಲ್ಲ ನೀರೇ ಇತ್ತು. ಮಕ್ಕಳು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ನಾನು ಎರಡು ಸಲ ಗಡಿಯಾರವನ್ನು ನೋಡಿದೆ. ಮೂರನೆಯ ಸಲ ನೋಡಲು ನಾಚಿಕೆಯಾಯಿತು. ಮುಕ್ಕಾಲು ಗಂಟೆ ಕಳೆಯಿತು.

ನಕಾಶೆಯನ್ನು ತೆರೆದು ನೋಡಿರಿ. ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳಿಯು ಕಾರವಾರದಲ್ಲಿ ಕಡಲನ್ನು ಸೇರುವವರೆಗೆ ಸುಮಾರು 184 ಕಿಲೋಮೀಟರ್ ಹರಿಯುತ್ತದೆ. ಹುಟ್ಟುವುದೂ ಮುಗಿಯುವುದೂ ಇದೇ ಜಿಲ್ಲೆಯಲ್ಲಿ. ಸೂಪಾದಿಂದ ಅದು ನೇರವಾಗಿ ಕಡಲಿಗೆ ಇಳಿಯುವುದಿಲ್ಲ. ಪೂರ್ವಕ್ಕೆ ದಾಂಡೇಲಿಯ ಕಡೆ ಹೋಗಿ, ಬಳಸಿಕೊಂಡು, ಮತ್ತೆ ಪಶ್ಚಿಮಕ್ಕೆ ತಿರುಗುತ್ತದೆ. ನಾವು ಅಣಶಿ ಘಟ್ಟವನ್ನಿಳಿದು ಕದ್ರಾಕ್ಕೆ ಬಂದಾಗ ಸೂಪಾದಲ್ಲಿ ಬಿಟ್ಟುಬಂದ ನದಿಯೇ ಎದುರಾಗಿತ್ತು. ಅದೇ ನೀರು ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿ ವಿದ್ಯುತ್ತನ್ನು ಕೊಡುತ್ತದೆ. ಕೈಗಾದ ಅಣುವಿದ್ಯುತ್ ಕೇಂದ್ರಕ್ಕೂ ಒದಗುತ್ತದೆ. ನಮ್ಮ ಮನೆಯ ದೀಪಗಳಿಗೂ ಚಿಕ್ಕವ್ವನವರ ಹಲಸಿನ ಮರಕ್ಕೂ ಸಂಬಂಧವುಂಟೆಂದು ದೊಡ್ಡ ಮೊಮ್ಮಗಳು ಹೇಳಿದಳು. ನಾನು ಹೇಳಿಕೊಟ್ಟ ಮಾತಲ್ಲ ಅದು.

ಘಟ್ಟ ಇಳಿದಂತೆ ಸೆಖೆ ಏರಿತು. ತೆಂಗು, ಗೇರು ಕಾಣಿಸಿಕೊಂಡವು. ಕಾರವಾರವನ್ನು ತಲುಪಿದಾಗ ಹನ್ನೊಂದೂವರೆ. ಒಂದು ಸ್ಥಳವನ್ನು ಬಿಡಲೇಬೇಕಾಯಿತು. ಸದಾಶಿವಗಡವು ಬೇಡವೆಂದು ಮಕ್ಕಳೇ ಹೇಳಿದರು. ಅತ್ತ ಹೋಗುವ ಹೆದ್ದಾರಿಯ ಹಳೆಯ ಸೇತುವೆಯು 2024ರ ಆಗಸ್ಟಿನಲ್ಲಿ ಕುಸಿದು ಕಾಳಿಗೆ ಬಿದ್ದ ಸಂಗತಿಯನ್ನು ದಾರಿಯಲ್ಲಿ ಹೇಳಿದ್ದೆನು. ಆ ಕಥೆಯಿಂದಲೇ ಅವರು ತೃಪ್ತರಾಗಿದ್ದರೋ ಏನೋ!

ಈ ಕಡಲತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಇಪ್ಪತ್ತರ ಹರೆಯದ ಕವಿಯು ಅಣ್ಣನ ಜೊತೆ ಇಲ್ಲಿ ತಂಗಿದ್ದಾಗಲೇ ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವನ್ನು ಬರೆದರು. ಒಮ್ಮೆ ಬೆಳದಿಂಗಳಲ್ಲಿ ಅವರು ದೋಣಿಯೇರಿ ಕಾಳಿ ನದಿಯಲ್ಲಿ ಮೇಲಕ್ಕೆ ಹೋಗಿದ್ದರು.

ಚಿಕ್ಕವ್ವ ಸೀರೆಯ ನೆರಿಗೆಯನ್ನು ತುಸು ಎತ್ತಿ ಹಿಡಿದು ಅಲೆಯಲ್ಲಿ ನಿಂತರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದು ಬೊಗಸೆ ನೀರನ್ನು ಬಾಯಿಗಿಟ್ಟುಕೊಂಡು, ಮುಖ ಹುಳ್ಳಗೆ ಮಾಡಿ, “ನಮ್ಮ ಹೊಳೀ ನೀರು ಇಲ್ಲಿ ಬಂದು ಉಪ್ಪಾತು ನೋಡ್ರಿ” ಎಂದು ನಕ್ಕರು. ಮೂರಕ್ಕೆ ಹೊರಡೋಣವೆಂದು ಮೊದಲು ಎದ್ದವರೂ ಅವರೇ. ಸೂರ್ಯಾಸ್ತಕ್ಕೆ ಇನ್ನೂ ಮೂರು ಗಂಟೆಯಿತ್ತು. ಮಕ್ಕಳು ಕಡಲನ್ನು ತಿರುತಿರುಗಿ ನೋಡುತ್ತ ವಾಹನವನ್ನೇರಿದರು.

ಬೆಳಿಗ್ಗೆ ನಿಂತಿದ್ದ ತಿರುವಿಗೆ ಬಂದಾಗ ಆರಕ್ಕೆ ಹತ್ತು ನಿಮಿಷವಿತ್ತು. ಸೂಪಾದ ನೀರಿನ ಮೇಲೆ ಕೆಂಪು ಬಿಸಿಲು ಹಾಸಿತ್ತು. ಎರಡು ನಿಮಿಷ ನಿಲ್ಲಿಸಬೇಕೆಂದು ಮಕ್ಕಳು ಪಿಸುಮಾತಿನಲ್ಲಿ ಕೇಳಿಕೊಂಡರು. ಚಿಕ್ಕವ್ವ ಕಿಟಕಿಗೆ ತಲೆಯಾನಿಸಿ ನಿದ್ರೆ ಹೋಗಿದ್ದರು. ನಾವು ಅವರನ್ನು ಎಬ್ಬಿಸಲಿಲ್ಲ.