ಬಾ ಎನ್ನುವಿರೋ, ಬನ್ನಿ ಎನ್ನುವಿರೋ?



ಯಾವುದಾದರೂ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕಿಟಕಿಯ ಬಳಿ ಅರ್ಧ ಗಂಟೆ ನಿಂತು ನೋಡಿ. ಇಸ್ತ್ರಿ ಅಂಗಿ ತೊಟ್ಟವರು ಬಂದರೆ "ಹೇಳಿ ಸರ್, ಏನಾಗಬೇಕಿತ್ತು?" ಎಂಬ ಮಾತು ಬರುತ್ತದೆ. ಹಿಂದೆಯೇ ಮಾಸಿದ ಸೀರೆಯುಟ್ಟ ತಾಯಿ ಬಂದರೆ "ಏನಮ್ಮಾ? ಆ ಕಡೆ ನಿಂತ್ಕೋ." ಚೀಟಿ ಒಂದೇ, ಶುಲ್ಕ ಒಂದೇ, ಇಬ್ಬರ ಕೆಲಸವೂ ಆಗುತ್ತದೆ. ಆದರೆ ಆ ತಾಯಿ ಮನೆಗೆ ಹೊತ್ತೊಯ್ಯುವುದು ಔಷಧಿಯನ್ನು ಮಾತ್ರವಲ್ಲ, ಮಗನೆದುರು ಕೇಳಿಸಿಕೊಂಡ ಆ ಏಕವಚನವನ್ನೂ.

ಇದು ಇಂದಿನ ಕಾಯಿಲೆಯಲ್ಲ. ಯಕೋಬನ ಪತ್ರದ ಎರಡನೇ ಅಧ್ಯಾಯ ತೆಗೆದು ಓದಿ. ಚಿನ್ನದುಂಗುರ ತೊಟ್ಟವನಿಗೆ ಒಳ್ಳೆಯ ಆಸನ ತೋರಿಸಿ, ಬಡವನಿಗೆ ಅಲ್ಲೇ ನಿಲ್ಲು ಇಲ್ಲವೇ ಕಾಲಬಳಿ ಕೂತುಕೋ ಎನ್ನುವ ಸಭೆಯನ್ನು ಆತನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಗಮನಿಸಿ, ಅಲ್ಲಿ ಯಾರೂ ಯಾರನ್ನೂ ಹೊಡೆದಿಲ್ಲ, ಹೊರದಬ್ಬಿಲ್ಲ. ಆಡಿದ್ದು ಎರಡು ಮಾತು, ಅಷ್ಟೇ.

ನಮ್ಮ ಕನ್ನಡದಲ್ಲಿ ಮರ್ಯಾದೆ 'ದಯವಿಟ್ಟು' ಎಂಬ ಪದದಲ್ಲಿಲ್ಲ. ಅದು ಹೆಚ್ಚಾಗಿ ಗೋಡೆಯ ಮೇಲಿನ ಫಲಕದ ಮಾತು. ಮರ್ಯಾದೆಯಿರುವುದು ಕ್ರಿಯಾಪದದ ತುದಿಯಲ್ಲಿ. ಬಾ ಎಂಬುದು ಬನ್ನಿ ಆಗಲು, ಕೊಡು ಎಂಬುದು ಕೊಡಿ ಆಗಲು ಎಷ್ಟು ಉಸಿರು ಬೇಕು? ಉತ್ತರ ಕರ್ನಾಟಕದವರು ಒಂದು 'ರೀ' ಸೇರಿಸಿ ಇಡೀ ಮಾತನ್ನೇ ಮೆತ್ತಗಾಗಿಸುತ್ತಾರೆ. ಹಳ್ಳಿಯಲ್ಲಿ ನಮ್ಮವರೊಳಗೆ 'ನೀನು' ಪ್ರೀತಿಯ ಮಾತು, ನಿಜ. ಕಿಟಕಿಯಾಚೆ ನಿಂತ ಅಪರಿಚಿತರಿಗೆ, ಅದೂ ಬಟ್ಟೆ ನೋಡಿ ಆಡಿದಾಗ, ಅದು ಪ್ರೀತಿಯಲ್ಲ. ಮುಂದೆ 'ಅಮ್ಮಾ' ಎಂದು ಹಚ್ಚಿದರೂ ಅಲ್ಲ.

ಇರುವುದನ್ನು ಕೊಡುವಾಗ ಎಲ್ಲರೂ ಸೌಮ್ಯರೇ. ಕೊಡಲಾಗದಾಗ ಏನು ಹೇಳುತ್ತೇವೆ? ಆರನೇ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠಗಳಿಗೆ ಬರೆದ ನಿಯಮಾವಳಿಯ 31ನೇ ಅಧ್ಯಾಯ ಉಗ್ರಾಣದ ಮೇಲ್ವಿಚಾರಕನನ್ನು ಕುರಿತದ್ದು. ಕೇಳಿದವರಿಗೆ ಕೊಡಲು ವಸ್ತುವಿಲ್ಲದಿದ್ದರೆ ಒಂದು ಒಳ್ಳೆಯ ಮಾತನ್ನಾದರೂ ಕೊಡಬೇಕೆಂಬುದು ಅಲ್ಲಿನ ಅಪ್ಪಣೆ. ಅಕ್ಕಿ, ಎಣ್ಣೆಗಳ ಲೆಕ್ಕದ ನಡುವೆ ಮಾತನ್ನೂ ದಾಸ್ತಾನಿನಲ್ಲಿ ಸೇರಿಸಿದ ಸಂತರು ಅವರು! 66ನೇ ಅಧ್ಯಾಯದಲ್ಲಿ ಬಾಗಿಲು ಕಾಯುವವನ ಸರದಿ. ಬಡವನು ಕೂಗಿದೊಡನೆ ಆತನು ಮೊದಲು ದೇವರಿಗೆ ವಂದನೆ ಹೇಳಿ ಓಗೊಡಬೇಕು.

ಈಗ ನಮ್ಮ ಧರ್ಮಕೇಂದ್ರದ ಕಚೇರಿಗೇ ಬನ್ನಿ. ಮದುವೆ ಗೊತ್ತಾದ ಯುವಕನೊಬ್ಬ ಹಳೆಯ ದೀಕ್ಷಾಸ್ನಾನದ ಪತ್ರ ಹಿಡಿದು ಬಂದಿದ್ದಾನೆನ್ನಿ. "ಇದು ನಡೆಯಲ್ಲ, ಹೊಸದು ತಗೊಂಡು ಬಾ" ಎಂದರೆ, ಅವನು ಕೂಲಿ ಬಿಟ್ಟು ಬಸ್ಸು ಹತ್ತಿ ಬಂದದ್ದು ವ್ಯರ್ಥ, ಕಾರಣವೂ ತಿಳಿಯದು. ಕಾರಣವೇನೋ ಇದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಮದುವೆಯಾದರೆ ಅದನ್ನು ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲಿ ಗುರುತಿಸುತ್ತಾರೆ. ಹೊಸದಾಗಿ ತೆಗೆದ ಪ್ರತಿಯಿಂದಲೇ ಈವರೆಗೆ ಮದುವೆ ದಾಖಲಾಗಿಲ್ಲವೆಂದು ತಿಳಿಯುವುದು. "ಕೂತ್ಕೊಳ್ಳಿ. ಈ ಪತ್ರ ಹಳೆಯದು, ಹೊಸ ಪ್ರತಿ ಯಾಕೆ ಬೇಕು ಅಂತ ಹೇಳ್ತೀನಿ" ಎಂದು ಶುರುಮಾಡಿದರೆ ನಿಯಮ ಒಂದಿಷ್ಟೂ ಸಡಿಲವಾಗದು. ಆದರೆ ಮದುವೆಯಾದ ಮೇಲೆ ಮಗುವಿನ ದೀಕ್ಷಾಸ್ನಾನಕ್ಕೆ ಅವನು ಮತ್ತೆ ಆ ಮೆಟ್ಟಿಲು ಹತ್ತುತ್ತಾನೋ ಇಲ್ಲವೋ ಎಂಬುದು ಅಲ್ಲಿ ಅರ್ಧ ತೀರ್ಮಾನವಾಗಿರುತ್ತದೆ.

ಬರೀ ಸಿಹಿ ಮಾತು ಸಾಕೆಂದು ಹೇಳುತ್ತಿಲ್ಲ. ಕೆಲಸ ಮಾಡಿಕೊಡದೆ "ಸರ್, ಸರ್" ಎನ್ನುವ ಫೋನುಗಳು ನಮಗೆಲ್ಲ ಗೊತ್ತು. 2015ರ ಮೇ 13ರಂದು ಅಂದಿನ ಜಗದ್ಗುರು ಫ್ರಾನ್ಸಿಸರು ಅನುಮತಿ, ವಂದನೆ, ಕ್ಷಮೆ ಎಂಬ ಮೂರು ಮಾತುಗಳು ಕುಟುಂಬಕ್ಕೆ ಬೇಕೆಂದು ಬೋಧಿಸಿದಾಗ, ಸೈತಾನನಿಗೂ ಸಭ್ಯತೆ ಗೊತ್ತೆಂದು ಎಚ್ಚರಿಸಿದ್ದರು.

ಅಂದಹಾಗೆ, ಕಿಟಕಿಯ ಒಳಗಿರುವವರ ನಾಲಗೆ ಪಳಗಿದ್ದು ಎಲ್ಲಿ? ಹೋಟೆಲಿನಲ್ಲಿ ನೀರು ತರುವ ಹುಡುಗನನ್ನು "ಏಯ್" ಎಂದು ಅಪ್ಪ ಕರೆಯುವಾಗ ಪಕ್ಕದಲ್ಲಿ ಮಗು ಕೂತಿರುತ್ತದೆ. ಬೆಳಗ್ಗೆ ಬಾಗಿಲು ತೆರೆದ ಮಗು "ಅಮ್ಮಾ, ಹಾಲಿನವನು ಬಂದ" ಎಂದು ಕೂಗಿದರೆ, "ಹಾಲಿನವರು ಬಂದಿದ್ದಾರೆ ಅನ್ನು ಪುಟ್ಟಾ" ಎಂದು ಒಳಗಿನಿಂದಲೇ ತಿದ್ದಿ. ಹಾಲಿನವರಿಗೂ ಕೇಳಿಸಲಿ.